ಎರಡು ವರ್ಷದ ಐಟಿ ಡಿಗ್ರಿ ಎರಡೇ ವರ್ಷದಲ್ಲಿ ಮುಗಿಯಬೇಕಾದರೆ

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಕಂಪ್ಯೂಟರ್ ಇನ್ಫರ್ಮೇಶನ್ ಟೆಕ್ನಾಲಜಿಯ ಅಸೋಸಿಯೇಟ್ ಡಿಗ್ರಿಗೆ ಸಾಮಾನ್ಯವಾಗಿ 60 ಕ್ರೆಡಿಟ್ ಬೇಕು. ನಾಲ್ಕು ಸೆಮಿಸ್ಟರ್, ತಲಾ 15. ಆದರೆ 12 ಕ್ರೆಡಿಟ್ ತೆಗೆದುಕೊಂಡವರನ್ನೂ ಕಾಲೇಜು ಪೂರ್ಣಾವಧಿ ವಿದ್ಯಾರ್ಥಿ ಎಂದೇ ಬರೆದುಕೊಳ್ಳುತ್ತದೆ. ಎಡವಟ್ಟಾಗುವುದು ಇಲ್ಲೇ. 12ರ ಲೆಕ್ಕದಲ್ಲಿ ಹೋದರೆ ಐದು ಸೆಮಿಸ್ಟರ್ ಬೇಕು, ಅಂದರೆ ಮೂರನೇ ವರ್ಷ ಶುರು; ನಡುವೆ ಒಂದು ಕೋರ್ಸ್ ಕೈಕೊಟ್ಟರೆ ಇನ್ನೂ ತಡ.

ಸೇರುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ನಿಮ್ಮದು ಎಎಎಸ್ಸೋ (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್), ಎಎಸ್ಸೋ (ಅಸೋಸಿಯೇಟ್ ಆಫ್ ಸೈನ್ಸ್)? ಎಎಎಸ್ ನೇರ ಕೆಲಸಕ್ಕೆ ತಯಾರು ಮಾಡುವ ಡಿಗ್ರಿ. ತಾಂತ್ರಿಕ ಕೋರ್ಸ್ ಹೆಚ್ಚು, ಸಾಮಾನ್ಯ ಶಿಕ್ಷಣ ಕಡಿಮೆ. ಎಎಸ್ ಇರುವುದು ಮುಂದೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗವಾಗುವವರಿಗೆ. ಎಎಎಸ್ ಮುಗಿಸಿ ಬ್ಯಾಚುಲರ್ಸ್‌ಗೆ ಹೋದರೆ ಎಷ್ಟೋ ತಾಂತ್ರಿಕ ಕ್ರೆಡಿಟ್‌ಗಳು ಲೆಕ್ಕಕ್ಕೇ ಬರದಿರಬಹುದು. ವರ್ಗವಾಗುವ ಯೋಚನೆ ಸ್ವಲ್ಪವಾದರೂ ಇದ್ದರೆ, ನೀವು ಹೋಗಬೇಕೆಂದಿರುವ ವಿಶ್ವವಿದ್ಯಾಲಯದ ಜೊತೆ ನಿಮ್ಮ ಕಾಲೇಜು ಮಾಡಿಕೊಂಡಿರುವ ವರ್ಗಾವಣೆ ಒಪ್ಪಂದವನ್ನು ಮೊದಲ ಸೆಮಿಸ್ಟರಿನಲ್ಲೇ ಓದಿ. ಗಣಿತದ ಆಯ್ಕೆಯೂ ಇದರ ಮೇಲೇ ನಿಂತಿದೆ. ಎಎಎಸ್‌ಗೆ ಸಾಕಾಗುವ ಹಗುರ ಗಣಿತ ಕೋರ್ಸು ಕಂಪ್ಯೂಟರ್ ಸೈನ್ಸ್ ಬ್ಯಾಚುಲರ್ಸ್‌ಗೆ ಸಾಲುವುದಿಲ್ಲ. ಅಲ್ಲಿ ಕಾಲೇಜ್ ಆಲ್ಜೀಬ್ರಾ ದಾಟಿ ಕ್ಯಾಲ್ಕುಲಸ್‌ವರೆಗೆ ಕೇಳುತ್ತಾರೆ.

ಕೋರ್ಸ್ ಪಟ್ಟಿಯನ್ನು ಹಿಂದಿನಿಂದ ಬರೆಯಿರಿ

ಕಾಲೇಜು ಕೊಡುವ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಎಲ್ಲ ಸಲೀಸಾಗಿ ಕಾಣುತ್ತದೆ. ಅದರ ಬದಲು ಕೊನೆಯ ಸೆಮಿಸ್ಟರಿನ ಕ್ಯಾಪ್‌ಸ್ಟೋನ್‌ನಿಂದ, ಅಂದರೆ ಕಲಿತದ್ದನ್ನೆಲ್ಲ ಒಟ್ಟು ಮಾಡುವ ಪ್ರಾಜೆಕ್ಟ್ ಕೋರ್ಸಿನಿಂದ, ಹಿಂದಕ್ಕೆ ಬನ್ನಿ. ಅದಕ್ಕೆ ಮೊದಲು ಏನು ಮುಗಿದಿರಬೇಕು, ಅದಕ್ಕೂ ಮೊದಲು ಏನು ಎಂದು ಒಂದು ಹಾಳೆಯಲ್ಲಿ ಬಾಣ ಹಾಕುತ್ತಾ ಹೋಗಿ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಸಿಸಿಎನ್‌ಎ (ಸಿಸ್ಕೊದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಸರಣಿಯಲ್ಲಿ ಮೂರು ಕೋರ್ಸ್‌ಗಳಿವೆ, ಒಂದರ ನಂತರ ಒಂದು. ಸೆಮಿಸ್ಟರಿಗೊಂದರಂತೆ ಮೂರು ಸೆಮಿಸ್ಟರ್ ಬೇಕು. ಅಂದರೆ ಮೊದಲನೆಯದನ್ನು ಎರಡನೇ ಸೆಮಿಸ್ಟರಿನ ಆಚೆಗೆ ತಳ್ಳುವ ಹಾಗೇ ಇಲ್ಲ. ಪ್ರೋಗ್ರಾಮಿಂಗ್‌ನಲ್ಲೂ ಲಾಜಿಕ್, ಭಾಷೆ ಒಂದು, ಭಾಷೆ ಎರಡು ಎಂಬ ಸರಪಳಿ ಸಾಮಾನ್ಯ. ಇಂಗ್ಲಿಷ್, ಇತಿಹಾಸ, ಮನಃಶಾಸ್ತ್ರ ಇವು ಯಾವಾಗ ಬೇಕಾದರೂ ಸಿಗುತ್ತವೆ. ಅವನ್ನು ಬೇಸಿಗೆಗೂ ಖಾಲಿ ಜಾಗಕ್ಕೂ ಇಟ್ಟುಕೊಳ್ಳಿ. ಮೊದಲ ಸೆಮಿಸ್ಟರಿನಲ್ಲಿ ಸುಲಭದ ಸಾಮಾನ್ಯ ಕೋರ್ಸ್‌ಗಳನ್ನೆಲ್ಲ ಮುಗಿಸಿಬಿಡೋಣ ಅನ್ನುವುದು ಜನಪ್ರಿಯ ಸಲಹೆ, ಮತ್ತು ಈ ಡಿಗ್ರಿಗೆ ತಪ್ಪು ಸಲಹೆ. ಮುಂದುವರಿದ ಕೋರ್ಸ್‌ಗಳು ಹಲವು ಕಡೆ ವರ್ಷಕ್ಕೆ ಒಂದೇ ಸಲ ನಡೆಯುತ್ತವೆ. ಯಾವುದು ಫಾಲ್‌ನಲ್ಲಿ, ಯಾವುದು ಸ್ಪ್ರಿಂಗ್‌ನಲ್ಲಿ ಎಂದು ಸಲಹೆಗಾರರನ್ನು ಕೇಳಿ ಬಾಣದ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.

ಸಮಯದ ಅಂದಾಜು ಹೀಗೆ: ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ತರಗತಿ, ಹೊರಗೆ ಎರಡು ಗಂಟೆ ಓದು. 15 ಕ್ರೆಡಿಟ್ ಎಂದರೆ ವಾರಕ್ಕೆ 45 ಗಂಟೆ. ಜೊತೆಗೆ 25 ಗಂಟೆ ಕೆಲಸವೂ ಇದ್ದರೆ 9 ಕ್ರೆಡಿಟ್‌ಗೆ ಇಳಿಯುವುದೇ ಸರಿ. 15 ಹಿಡಿದು ಎರಡು ಬಿಡುವುದಕ್ಕಿಂತ ಅದು ವಾಸಿ. ಸರ್ಕಾರಿ ನೆರವು ಪಡೆಯುವವರಿಗೆ ಇದರಲ್ಲಿ ಇನ್ನೊಂದು ಕುಣಿಕೆಯಿದೆ: ವಿತ್‌ಡ್ರಾ ಮಾಡಿದ ಕೋರ್ಸ್ ಗ್ರೇಡ್ ಸರಾಸರಿಯನ್ನು ಕೆಡಿಸದಿದ್ದರೂ ಪ್ರಯತ್ನಿಸಿದ ಕ್ರೆಡಿಟ್‌ಗೆ ಸೇರುತ್ತದೆ. ಡಿಗ್ರಿಗೆ ಬೇಕಾದದ್ದರ 150 ಶೇಕಡಾ ಮೀರಿದರೆ, ಅಂದರೆ 60 ಕ್ರೆಡಿಟ್ ಡಿಗ್ರಿಗೆ 90 ಪ್ರಯತ್ನ ದಾಟಿದರೆ, ನೆರವು ನಿಲ್ಲುತ್ತದೆ. ಸೆಮಿಸ್ಟರಿನ ಆರಂಭದಲ್ಲಿ ಡ್ರಾಪ್ ಮಾಡುವ ದಿನಾಂಕ ಬೇರೆ, ಆಮೇಲೆ ವಿತ್‌ಡ್ರಾ ಮಾಡುವ ದಿನಾಂಕ ಬೇರೆ. ಮೊದಲನೆಯದರೊಳಗೆ ಬಿಟ್ಟರೆ ದಾಖಲೆಯಲ್ಲಿ ಕಲೆ ಉಳಿಯುವುದಿಲ್ಲ.

ಎಫ್‌-1 ಎಂಬ ವಿದೇಶಿ ವಿದ್ಯಾರ್ಥಿ ವೀಸಾದವರಿಗೆ 9 ಕ್ರೆಡಿಟ್‌ನ ಸಲಹೆ ಅನ್ವಯಿಸದು. ಕನಿಷ್ಠ 12 ಬೇಕು, ಅದರೊಳಗೆ ಆನ್‌ಲೈನ್ ಕೋರ್ಸ್ ಒಂದೇ, ಹೆಚ್ಚೆಂದರೆ 3 ಕ್ರೆಡಿಟ್, ಲೆಕ್ಕಕ್ಕೆ ಬರುತ್ತದೆ. ಓದಿನ ನಂತರ ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ಅನುಮತಿಯೇ ಒಪಿಟಿ; ವಿಜ್ಞಾನ, ತಂತ್ರಜ್ಞಾನ ವಿಷಯಗಳವರಿಗೆ ಇರುವ ಅದರ 24 ತಿಂಗಳ ಸ್ಟೆಮ್ ವಿಸ್ತರಣೆಗೆ ಬ್ಯಾಚುಲರ್ಸ್ ಅಥವಾ ಅದಕ್ಕಿಂತ ಮೇಲಿನ ಡಿಗ್ರಿಯೇ ಆಗಬೇಕು. ಅಸೋಸಿಯೇಟ್ ಡಿಗ್ರಿಗೆ ಅದು ಸಿಗುವುದಿಲ್ಲ.

ಮನೆಯಲ್ಲೊಂದು ಲ್ಯಾಬ್

ಪುಸ್ತಕ ಓದಿ ಪಾಸಾಗುವ ಡಿಗ್ರಿ ಇದಲ್ಲ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಇಂಟೆಲ್ ಅಥವಾ ಎಎಮ್‌ಡಿ ಲ್ಯಾಪ್‌ಟಾಪ್ ಸಾಕು. ಎಮ್ ಸರಣಿಯ ಚಿಪ್ ಇರುವ ಮ್ಯಾಕ್ ಒಳ್ಳೆಯ ಯಂತ್ರವೇ, ಆದರೆ ತರಗತಿಯಲ್ಲಿ ಕೊಡುವ ಮಾಮೂಲಿ ವಿಂಡೋಸ್ ಸರ್ವರ್ ಇಮೇಜುಗಳು ಎಕ್ಸ್86 ಚಿಪ್ಪಿಗಾಗಿ ಮಾಡಿದವು. ಆ ಮ್ಯಾಕ್ ಮೇಲೆ ಸರಿಯಾಗಿ ಓಡವು.

ಒಂದೇ ಲ್ಯಾಪ್‌ಟಾಪಿನೊಳಗೆ ಹಲವು ಕಾಲ್ಪನಿಕ ಕಂಪ್ಯೂಟರ್‌ಗಳನ್ನು (ವರ್ಚುವಲ್ ಮೆಷಿನ್) ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ. ಮೆಷಿನ್ ಶುರುವೇ ಆಗದಿದ್ದರೆ ಮೊದಲು ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ಗಳ ಪರದೆ) ಹೋಗಿ ವರ್ಚುವಲೈಸೇಶನ್ ಆನ್ ಇದೆಯೇ ನೋಡಿ. ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಮ್‌ಡಿಯಲ್ಲಿ ಎಎಮ್‌ಡಿ-ವಿ ಅಥವಾ ಎಸ್‌ವಿಎಮ್ ಎಂದಿರುತ್ತದೆ. ವಿಂಡೋಸ್ ಸರ್ವರ್‌ನ 180 ದಿನಗಳ ಮೌಲ್ಯಮಾಪನ ಪ್ರತಿ ಉಚಿತವಾಗಿ ಸಿಗುತ್ತದೆ, ಒಂದು ಸೆಮಿಸ್ಟರಿಗೆ ಧಾರಾಳ. ಸರ್ವರ್‌ಗೆ 4 ಜಿಬಿ, ಅದಕ್ಕೆ ಸೇರುವ ಕ್ಲೈಂಟ್ ಮೆಷಿನ್‌ಗೆ 4 ಜಿಬಿ ರ‍್ಯಾಮ್ ಕೊಡಿ. ಪ್ರತಿ ದೊಡ್ಡ ಬದಲಾವಣೆಗೆ ಮುಂಚೆ ಸ್ನ್ಯಾಪ್‌ಶಾಟ್ ತೆಗೆಯಿರಿ, ಕೆಟ್ಟರೆ ಆ ಸ್ಥಿತಿಗೆ ಮರಳಬಹುದು.

ಹೊಸಬರು ಅರ್ಧ ದಿನ ಕಳೆದುಕೊಳ್ಳುವ ಜಾಗ ಇದು: ಎರಡು ಮೆಷಿನ್ ಎಬ್ಬಿಸುತ್ತಾರೆ, ಎರಡಕ್ಕೂ ಇಂಟರ್‌ನೆಟ್ ಬರುತ್ತದೆ, ಒಂದಕ್ಕೊಂದು ಮಾತ್ರ ಕಾಣುವುದಿಲ್ಲ. ಐಪಿ ನೋಡಿದರೆ ಎರಡರದ್ದೂ 10.0.2.15. ವರ್ಚುವಲ್‌ಬಾಕ್ಸ್ ತಾನಾಗಿ ಹಾಕಿಕೊಡುವ ನ್ಯಾಟ್ ಮೋಡ್‌ನಲ್ಲಿ ಪ್ರತಿ ಮೆಷಿನ್ನೂ ತನ್ನದೇ ಬೇರೆ ಗೋಡೆಯೊಳಗೆ ಕೂತಿರುತ್ತದೆ. ಎರಡನ್ನೂ ಒಂದೇ ಹೆಸರಿನ ಇಂಟರ್ನಲ್ ನೆಟ್‌ವರ್ಕ್‌ಗೆ ಬದಲಾಯಿಸಿ, ಕೈಯಾರೆ ಐಪಿ ಕೊಡಿ. ಇಷ್ಟಾದರೂ ಪಿಂಗ್ ಹೋಗದಿದ್ದರೆ ವಿಂಡೋಸ್ ಫೈರ್‌ವಾಲ್ ಅದನ್ನು ತಡೆಯುತ್ತಿರುತ್ತದೆ. ಪಿಂಗ್‌ಗೆ ದಾರಿ ಬಿಡುವ ಐಸಿಎಮ್‌ಪಿ ಎಕೋ ನಿಯಮವನ್ನು ಸಕ್ರಿಯ ಮಾಡಿ, ಇಡೀ ಫೈರ್‌ವಾಲ್ ಆಫ್ ಮಾಡುವ ಚಾಳಿ ಬೇಡ. ಕ್ಲೈಂಟ್ ಡೊಮೈನ್‌ಗೆ (ಸರ್ವರ್ ನಿರ್ವಹಿಸುವ ಕಂಪ್ಯೂಟರ್‌ಗಳ ಗುಂಪು) ಸೇರುತ್ತಿಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಸಲ ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿಕೊಡುವ ವ್ಯವಸ್ಥೆ) ಸಮಸ್ಯೆಯೇ: ಕ್ಲೈಂಟ್‌ನ ಡಿಎನ್‌ಎಸ್ ವಿಳಾಸ ಡೊಮೈನ್ ಕಂಟ್ರೋಲರ್‌ನ, ಅಂದರೆ ಡೊಮೈನ್ ನಡೆಸುವ ಸರ್ವರ್‌ನ, ಐಪಿಯೇ ಆಗಿರಬೇಕು, ಹೊರಗಿನ 8.8.8.8 ಅಲ್ಲ. ಹೊರಗಿನ ಸರ್ವರ್‌ಗೆ ನಿಮ್ಮ ಖಾಸಗಿ ಡೊಮೈನ್ ಎಲ್ಲಿದೆಯೆಂದು ಗೊತ್ತಿರಲು ಸಾಧ್ಯವೇ ಇಲ್ಲವಲ್ಲ.

ಸಬ್‌ನೆಟ್ಟಿಂಗ್ ಕೈಗೆ ಬರಬೇಕು

ಸಬ್‌ನೆಟ್ಟಿಂಗ್ ಎಂದರೆ ಒಂದು ನೆಟ್‌ವರ್ಕಿನ ವಿಳಾಸಗಳನ್ನು ಚಿಕ್ಕ ತುಂಡುಗಳಾಗಿ ಹಂಚುವುದು. ನೆಟ್‌ವರ್ಕಿಂಗ್ ಕೋರ್ಸ್‌ನಲ್ಲಿ ಜನ ಕೈಚೆಲ್ಲುವುದು ಇಲ್ಲಿ. 192.168.10.77/26 ಯಾವ ನೆಟ್‌ವರ್ಕ್‌ಗೆ ಸೇರಿದೆ? /26 ಎಂದರೆ ವಿಳಾಸದ 32 ಬಿಟ್‌ಗಳಲ್ಲಿ ಮೊದಲ 26 ನೆಟ್‌ವರ್ಕಿನವು; ಅದನ್ನೇ ಅಂಕಿಗಳಲ್ಲಿ ಬರೆದ ಮಾಸ್ಕ್ 255.255.255.192. 256ರಲ್ಲಿ 192 ಕಳೆದರೆ 64, ಅದು ಪ್ರತಿ ತುಂಡಿನ ಅಳತೆ. ತುಂಡುಗಳು 0, 64, 128, 192ರಿಂದ ಶುರುವಾಗುತ್ತವೆ. 77 ಬೀಳುವುದು 64ಕ್ಕೂ 127ಕ್ಕೂ ನಡುವೆ. ಹಾಗಾಗಿ ನೆಟ್‌ವರ್ಕ್ ವಿಳಾಸ .64, ಬ್ರಾಡ್‌ಕಾಸ್ಟ್ (ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕಳಿಸುವ ವಿಳಾಸ) .127, ಯಂತ್ರಗಳಿಗೆ ಕೊಡಬಹುದಾದವು .65ರಿಂದ .126, ಒಟ್ಟು 62. ದಿನಕ್ಕೆ ಹತ್ತು ಲೆಕ್ಕ, ಕಾಗದದ ಮೇಲೆ, ಕ್ಯಾಲ್ಕುಲೇಟರ್ ಇಲ್ಲದೆ ಮಾಡಿ. ಒಂದೊಂದಕ್ಕೆ ಅರ್ಧ ನಿಮಿಷ ಸಾಕಾಗುವವರೆಗೆ ಬಿಡಬೇಡಿ. ಇಂಟರ್‌ಫೇಸ್‌ಗೆ (ರೂಟರಿನಲ್ಲಿ ಕೇಬಲ್ ಸೇರುವ ಪೋರ್ಟ್) ತಪ್ಪಿ .64 ಕೊಟ್ಟರೆ ಸಿಸ್ಕೊ ರೂಟರ್ ‘ಬ್ಯಾಡ್ ಮಾಸ್ಕ್’ ಎಂದು ಗದರುತ್ತದೆ. ಹುಡುಕಬೇಕಾದ ತಪ್ಪು ಮಾಸ್ಕ್‌ನಲ್ಲಲ್ಲ, ವಿಳಾಸದಲ್ಲಿ.

ಕಂಪ್ಯೂಟರಿನಲ್ಲೇ ರೂಟರ್ ಜೋಡಿಸಿ ಅಭ್ಯಾಸ ಮಾಡುವ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತ, ಸಿಸ್ಕೊ ಅಕಾಡೆಮಿಯ ಖಾತೆಯೊಂದಿದ್ದರೆ ಸಾಕು. ರೂಟರ್ ಇಂಟರ್‌ಫೇಸ್‌ಗಳು ಹುಟ್ಟಾ ಮುಚ್ಚಿರುತ್ತವೆ, ‘ನೋ ಶಟ್‌ಡೌನ್’ ಕೊಡುವುದು ಮರೆತರೆ ಎಲ್ಲ ಸರಿಯಿದ್ದೂ ಕೊಂಡಿ ಕೆಂಪಾಗೇ ಇರುತ್ತದೆ. ರನ್ನಿಂಗ್ ಕಾನ್ಫಿಗ್ (ಈಗ ಓಡುತ್ತಿರುವ ಸೆಟ್ಟಿಂಗ್) ಅನ್ನು ಸ್ಟಾರ್ಟಪ್ ಕಾನ್ಫಿಗ್‌ಗೆ (ರೂಟರ್ ಶುರುವಾಗುವಾಗ ಓದುವ ಸೆಟ್ಟಿಂಗ್) ನಕಲು ಮಾಡದೆ ರೀಲೋಡ್ ಮಾಡಿದರೆ ಪಟ್ಟ ಪಾಡೆಲ್ಲ ಹೋಯಿತು.

ಪ್ರೋಗ್ರಾಮಿಂಗ್‌ಗೆ ಒಂದೆರಡು ಮಾತು ಸಾಕು. ಪೈಥಾನ್ ದೋಷ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿ, ಕೊನೆಯ ಸಾಲಿನಲ್ಲೇ ಕಾರಣ ಇರುತ್ತದೆ. ಡೇಟಾಬೇಸ್ ಲ್ಯಾಬ್‌ನಲ್ಲಿ ‘ಅಪ್‌ಡೇಟ್’ ಬರೆಯುವ ಮುಂಚೆ ಅದೇ ‘ವೇರ್’ ಷರತ್ತಿನಿಂದ ಒಂದು ‘ಸೆಲೆಕ್ಟ್’ ಓಡಿಸಿ ಎಷ್ಟು ಸಾಲು ಬರುತ್ತವೆ ನೋಡಿ. ‘ವೇರ್’ ಮರೆತರೆ ಇಡೀ ಟೇಬಲ್ ಬದಲಾಗುತ್ತದೆ.

ಸರ್ಟಿಫಿಕೇಟುಗಳನ್ನು ಆಯಾ ಕೋರ್ಸ್ ಮುಗಿದ ಒಂದೆರಡು ತಿಂಗಳಲ್ಲೇ ಬರೆಯಿರಿ, ಡಿಗ್ರಿ ಮುಗಿಯಲಿ ಎಂದು ಕಾಯಬೇಡಿ. ಹೊಸಬರ ಐಟಿ ಸರ್ಟಿಫಿಕೇಟ್ ಆದ ಕಾಂಪ್‌ಟಿಯಾ ಎ ಪ್ಲಸ್‌ಗೆ ಎರಡು ಪರೀಕ್ಷೆ, ಒಂದೊಂದಕ್ಕೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ; 900ಕ್ಕೆ ಮೊದಲನೆಯದರಲ್ಲಿ 675, ಎರಡನೆಯದರಲ್ಲಿ 700 ಬಂದರೆ ಪಾಸು. ಸಿಮ್ಯುಲೇಶನ್ ಪ್ರಶ್ನೆಗಳು ಸಾಮಾನ್ಯವಾಗಿ ಶುರುವಿನಲ್ಲೇ ಎದುರಾಗಿ ಸಮಯ ನುಂಗುತ್ತವೆ, ಗುರುತು ಹಾಕಿ ಮುಂದೆ ಹೋಗಿ ಕೊನೆಗೆ ವಾಪಸ್ ಬನ್ನಿ. ವಿದ್ಯಾರ್ಥಿಗಳಿಗೆ ಕಾಂಪ್‌ಟಿಯಾದ ಶೈಕ್ಷಣಿಕ ಅಂಗಡಿಯಲ್ಲಿ ವೋಚರ್ ರಿಯಾಯಿತಿಗೆ ಸಿಗುತ್ತದೆ. ಸರ್ಟಿಫಿಕೇಟಿನ ಆಯಸ್ಸು ಮೂರು ವರ್ಷ.

ಕೊನೆಯ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಡಿಗ್ರಿ ಆಡಿಟ್ (ಯಾವ ಕ್ರೆಡಿಟ್ ಮುಗಿದಿದೆ, ಯಾವುದು ಬಾಕಿ ಎಂಬ ಪಟ್ಟಿ) ತೆಗೆಸಿ, ಬೇರೆ ಕಡೆಯಿಂದ ತಂದ ಕ್ರೆಡಿಟ್‌ಗಳು ಸರಿಯಾದ ಖಾನೆಯಲ್ಲಿ ಕೂತಿವೆಯೇ ನೋಡಿ. ಗ್ರಾಜುಯೇಶನ್‌ಗೆ ಹಲವು ಕಾಲೇಜುಗಳಲ್ಲಿ ಬೇರೆಯೇ ಅರ್ಜಿ, ಅದಕ್ಕೊಂದು ಗಡುವು. 60 ಕ್ರೆಡಿಟ್ ಮುಗಿದಿದ್ದರೂ ಅಂಥ ಕಡೆ ಅರ್ಜಿ ಹಾಕದವರ ಹೆಸರು ಆ ಸೆಮಿಸ್ಟರಿನ ಪಟ್ಟಿಗೆ ಬರುವುದಿಲ್ಲ.