ಬಿಸಿಲೂರಿನಿಂದ ಇನ್ಸುಲಿನ್ ಕಳಿಸಲು ಎರಡು ರಟ್ಟಿನ ಡಬ್ಬ

ಕಲಬುರಗಿ ಬಸ್ ನಿಲ್ದಾಣದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ರಟ್ಟಿನ ಡಬ್ಬ, ಒಳಗೆ ಪ್ಲಾಸ್ಟಿಕ್ ಚೀಲದ ತುಂಬ ಐಸ್, ಐಸಿನ ನಡುವೆ ಇನ್ಸುಲಿನ್ ಬಾಟಲಿ. ಚಿಂಚೋಳಿ ಬಸ್ಸು ಬರುವಷ್ಟರಲ್ಲೇ ಡಬ್ಬದ ತಳ ನೆನೆದು ಕಿತ್ತು ಬಂದಿರುತ್ತದೆ. ಅವ್ವನಿಗೆ ಊರಿಗೆ ಇನ್ಸುಲಿನ್ ಕಳಿಸಲು ಶುರು ಮಾಡಿದ ವರ್ಷ ನಾನೂ ಹಾಗೇ ಮಾಡಿ ಎರಡು ಬಾಟಲಿ ಕಳೆದುಕೊಂಡೆ.

ರಟ್ಟು ಏನನ್ನೂ ತಣ್ಣಗೆ ಮಾಡುವುದಿಲ್ಲ. ಹೊರಗಿನ ಬಿಸಿ ಒಳಗೆ ಬರುವುದನ್ನು ತಡ ಮಾಡುತ್ತದೆ, ಅಷ್ಟೇ. ರಟ್ಟಿನ ಎರಡು ಹಾಳೆಗಳ ನಡುವೆ ಅಲೆಅಲೆಯಾದ ಇನ್ನೊಂದು ಹಾಳೆ ಇರುತ್ತದಲ್ಲ, ಅಲ್ಲಿ ಅಲ್ಲಾಡದೆ ನಿಂತ ಗಾಳಿಯೇ ಬಿಸಿಯನ್ನು ತಡೆಯುವುದು. ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಹಾಗಾಗಿ ಒದ್ದೆ ರಟ್ಟು ದಂಡ. ಮಡಕೆಗೆ ಸುತ್ತುವ ಹಾಗೆ ಡಬ್ಬಕ್ಕೆ ಒದ್ದೆ ಬಟ್ಟೆ ಸುತ್ತಲೇಬೇಡಿ.

ಬಿಡಿ ಐಸ್ ಬೇಡ. ಹಿಂದಿನ ರಾತ್ರಿ ಅರ್ಧ ಲೀಟರಿನ ಎರಡು ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಫ್ರೀಜರಿನಲ್ಲಿಡಿ.

ಒಂದರೊಳಗೆ ಒಂದು ಕೂರುವ ಎರಡು ಒಣ ಡಬ್ಬ ಹುಡುಕಿ. ಸುತ್ತಲೂ ಎರಡು ಮೂರು ಬೆರಳಿನಷ್ಟು ಸಂದಿ ಇರಬೇಕು.

ಎಲ್ಲರೂ ಎಡವುವುದು ಈ ಸಂದಿಯಲ್ಲೇ. ಖಾಲಿ ಬಿಟ್ಟರೆ ಗಾಳಿ ಒಳಗೇ ಸುತ್ತುತ್ತಾ ಬಿಸಿಯನ್ನು ಹೊರಗಿನ ಗೋಡೆಯಿಂದ ಒಳಗಿನ ಗೋಡೆಗೆ ಮುಟ್ಟಿಸುತ್ತದೆ. ಹಳೆ ಪೇಪರನ್ನು ಮುದುರಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ತುಂಬಿ. ಸಡಿಲವಾಗಿರಲಿ. ಜಾಸ್ತಿ ಒತ್ತಿದರೆ ನಡುವಿನ ಗಾಳಿ ಹೋಗಿ ಬರೀ ಕಾಗದ ಉಳಿಯುತ್ತದೆ. ತಳವನ್ನು ಮರೆಯುವವರೇ ಜಾಸ್ತಿ. ಬಸ್ಸಿನ ನೆಲ ಕಾದಿರುತ್ತದೆ, ಬಿಸಿ ಮೊದಲು ಏರುವುದೇ ಅಲ್ಲಿಂದ. ಮೊದಲು ತಳಕ್ಕೆ ಉಂಡೆ ಹಾಸಿ, ಅದರ ಮೇಲೆ ಒಳಡಬ್ಬ ಇಟ್ಟು, ಆಮೇಲೆ ಪಕ್ಕಗಳನ್ನು ತುಂಬಿ. ಒಳಡಬ್ಬದ ಮೇಲೂ ಅಷ್ಟೇ ದಪ್ಪ ಉಂಡೆ ಬೇಕು. ತೊಗರಿ ಹೊಟ್ಟೂ ಕೆಲಸ ಮಾಡುತ್ತದೆ, ನಮ್ಮ ಕಡೆ ಅದಕ್ಕೇನು ಕೊರತೆ. ಆದರೆ ಔಷಧಿಯ ಹತ್ತಿರ ಧೂಳು ಯಾಕೆ? ಪೇಪರೇ ಸರಿ.

ಔಷಧಿ ಅಂಗಡಿಯವರು ಥರ್ಮಾಕೋಲ್ ಡಬ್ಬ ಎಸೆಯುತ್ತಿದ್ದರೆ ಕೇಳಿ ತನ್ನಿ. ಅದೇ ದಪ್ಪದ ರಟ್ಟಿಗಿಂತ ಥರ್ಮಾಕೋಲ್ ಚೆನ್ನಾಗಿ ತಡೆಯುತ್ತದೆ. ಅದನ್ನೇ ಒಳಡಬ್ಬ ಮಾಡಿಕೊಳ್ಳಿ. ಥಳಥಳ ಹೊಳೆಯುವ ತೆಳು ಜಿಪ್ ಚೀಲಕ್ಕೆ ಮಾತ್ರ ದುಡ್ಡು ಹಾಕಬೇಡಿ. ಹೊಳಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ನಿಜ. ಆದರೆ ಬಸ್ಸಿನೊಳಗಿನ ಬಿಸಿಗಾಳಿಗೆ ಬೇಕಾಗುವುದು ದಪ್ಪ.

ಇನ್ನು ಇನ್ಸುಲಿನ್. ಹೊಸ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಿದರೆ ಕೆಟ್ಟಿತು, ಕರಗಿದ ಮೇಲೂ ಬಳಸುವಂತಿಲ್ಲ. ಫ್ರೀಜರಿನಿಂದ ತೆಗೆದ ನೀರಿನ ಬಾಟಲಿ ಶೂನ್ಯಕ್ಕಿಂತ ಎಷ್ಟೋ ಕೆಳಗಿರುತ್ತದೆ. ಅದಕ್ಕೆ ಅಂಟಿಸಿಟ್ಟರೆ ಬಿಸಿಲಿಗಿಂತ ಮೊದಲು ಐಸೇ ಔಷಧಿಯನ್ನು ಕೆಡಿಸುತ್ತದೆ. ಲಸಿಕೆ ಒಯ್ಯುವ ಆರೋಗ್ಯ ಕಾರ್ಯಕರ್ತೆಯರು ಐಸ್ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೇ ಡಬ್ಬಕ್ಕೆ ಹಾಕುತ್ತಾರೆ. ನೀವೂ ಹಾಗೇ ಮಾಡಿ. ಅವಸರ ಬೇಡ. ಐಸಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಒಂದು ಕಿಲೋ ಐಸ್ ಪೂರ್ತಿ ಕರಗಲು ಬೇಕಾದ ಶಾಖದಲ್ಲಿ ಅಷ್ಟೇ ನೀರನ್ನು ಶೂನ್ಯದಿಂದ ಸುಮಾರು 80 ಡಿಗ್ರಿ ತನಕ ಕಾಯಿಸಬಹುದು. ಅಷ್ಟು ತಾಳಿಕೆ ಅದಕ್ಕಿದೆ.

ನೀರಿನ ಬಾಟಲಿಗಳ ಮೈ ಒರೆಸಿ, ಟವೆಲ್ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ. ಬೆವರಿದ ನೀರು ರಟ್ಟಿಗೆ ತಾಗಬಾರದು. ಇನ್ಸುಲಿನ್ನನ್ನು ಬೇರೆ ಚಿಕ್ಕ ಡಬ್ಬಿಯಲ್ಲಿ ಹಾಕಿ, ಎರಡನ್ನೂ ಒಳಡಬ್ಬದಲ್ಲಿಟ್ಟು ನಡುವೆ ಒಂದು ರಟ್ಟಿನ ತುಂಡು ನಿಲ್ಲಿಸಿ.

ಮುಚ್ಚಳದ ಸಂದಿಗಳಿಗೆಲ್ಲ ಅಗಲವಾದ ಟೇಪ್ ಹಚ್ಚಿ, ಮೂಲೆಗಳಿಗೂ.

ಎರಡು ಡಬ್ಬ ಚೆನ್ನಾಗಿ ಕಟ್ಟಿದ್ದರೆ 42 ಡಿಗ್ರಿ ಬಿಸಿಲಲ್ಲೂ ಮೂರು ಗಂಟೆಯ ದಾರಿಗೆ ಐಸ್ ಉಳಿದಿರುತ್ತದೆ. ಒಂದೇ ಡಬ್ಬಕ್ಕೆ ಗಂಟೆ, ಒಂದೂವರೆ ಗಂಟೆ. ಡಬ್ಬವನ್ನು ಎಂಜಿನ್ ಹತ್ತಿರವಾಗಲಿ, ಕಿಟಕಿಯ ಬಿಸಿಲಿಗಾಗಲಿ ಇಡಬೇಡಿ, ತೊಡೆ ಮೇಲಿರಲಿ. ದಾರಿಯಲ್ಲಿ ಸುಮ್ನೆ ತೆರೆದು ನೋಡಬೇಡಿ. ಊರು ಮುಟ್ಟಿದ ಕೂಡಲೇ ನೀರಿನ ಬಾಟಲಿ ಅಲ್ಲಾಡಿಸಿ. ಒಳಗೆ ಐಸಿನ ತುಂಡು ಬಡಿಯುವ ಸದ್ದು ಕೇಳಿದರೆ ಇನ್ಸುಲಿನ್ ತೆಗೆದು ಫ್ರಿಜ್ಜಿನ ಬಾಗಿಲಲ್ಲಿಡಿ.