ಕಪ್ಪೆ ಭ್ರೂಣದ ಒಳಪದರ ಹೊರಚರ್ಮವಾದ ಬಗೆ: ನನ್ನ ಅನುಭವ

ಒಂದು ಕೋಶ ತನ್ನ ಬಗೆ ಬದಲಿಸಿಕೊಂಡಿತು ಎಂದು ಹೇಳಬೇಕಾದರೆ, ಅದು ಮೊದಲು ಏನಾಗಿತ್ತು, ಎಲ್ಲಿತ್ತು ಎಂಬುದಕ್ಕೆ ಪುರಾವೆ ಬೇಕು. ಕಪ್ಪೆಯ ಭ್ರೂಣಗಳ ಮೇಲೆ ಕೆಲಸ ಮಾಡುವಾಗ ನನ್ನ ಶ್ರಮದ ಬಹುಪಾಲು ಹೋದದ್ದು ಈ ಪುರಾವೆಗೇ. ಬದಲಾವಣೆ ಕಣ್ಣೆದುರೇ ಆಗುತ್ತದೆ. ಆದರೆ ಬದಲಾದದ್ದು ಅದೇ ಕೋಶವೋ, ಎಲ್ಲಿಂದಲೋ ನುಸುಳಿದ ಇನ್ನೊಂದು ಕೋಶ ಸಂಖ್ಯೆ ಹೆಚ್ಚಿಸಿಕೊಂಡು ಅದರ ಜಾಗ ಹಿಡಿಯಿತೋ ಎಂದು ತಿಳಿಯುವ ತನಕ ಏನನ್ನೂ ಹೇಳುವಂತಿಲ್ಲ.

ನಾನು ಬಳಸುವುದು ಝೆನೋಪಸ್ ಲೇವಿಸ್ ಎಂಬ ಆಫ್ರಿಕದ ಕಪ್ಪೆ. ಹಾರ್ಮೋನ್ ಚುಚ್ಚಿದರೆ ಹೆಣ್ಣು ವರ್ಷದ ಯಾವ ಕಾಲದಲ್ಲಾದರೂ ಮೊಟ್ಟೆ ಇಡುತ್ತದೆ. ಮೊಟ್ಟೆಯ ಅಡ್ಡಳತೆ ಸುಮಾರು 1.2 ಮಿಲಿಮೀಟರ್, ಬರಿಗಣ್ಣಿಗೆ ಕಾಣುತ್ತದೆ, ಕೈಯಿಂದ ಕತ್ತರಿಸಿದರೂ ತಾಳಿಕೊಳ್ಳುತ್ತದೆ. ಫಲಿತಗೊಂಡ ಮೇಲೆ ಹನ್ನೆರಡು ಸಲ ವಿಭಜನೆಯಾಗಿ ಸುಮಾರು 4,000 ಕೋಶಗಳಾಗುವವರೆಗೆ ಭ್ರೂಣ ತಾಯಿ ತುಂಬಿಕೊಟ್ಟ ಆರ್‌ಎನ್‌ಎ ಮತ್ತು ಪ್ರೋಟೀನುಗಳ ಮೇಲೆಯೇ ನಡೆಯುತ್ತದೆ. ಅದರ ಸ್ವಂತ ಜೀನುಗಳು ಜೋರಾಗಿ ಕೆಲಸಕ್ಕಿಳಿಯುವುದು ಆಮೇಲೆ.

ಆ ಹೊತ್ತಿನ ಭ್ರೂಣಕ್ಕೆ ಬ್ಲಾಸ್ಟುಲಾ ಎಂದು ಹೆಸರು, ಅದರ ನೆತ್ತಿಯ ತುಣುಕಿಗೆ ನಾವು ಅನಿಮಲ್ ಕ್ಯಾಪ್ ಎನ್ನುತ್ತೇವೆ. ಲವಣ ದ್ರಾವಣದಲ್ಲಿ ಸುಮ್ಮನೆ ಬಿಟ್ಟರೆ ಅದು ಚರ್ಮವಾಗುತ್ತದೆ. ಆಕ್ಟಿವಿನ್ ಪ್ರೋಟೀನನ್ನು ಸ್ವಲ್ಪ ಕೊಟ್ಟರೆ ಸ್ನಾಯುವಿನಂಥ ಅಂಗಾಂಶ ಹುಟ್ಟುತ್ತದೆ, ಹೆಚ್ಚು ಕೊಟ್ಟರೆ ಕರುಳಿನ ಮೂಲವಾದ ಅಂಗಾಂಶ. ನಾಗ್ಗಿನ್ ಎಂಬ ಪ್ರೋಟೀನು ಬಳಸಿ, ಚರ್ಮವಾಗಲು ಹೇಳುವ ಬಿಎಂಪಿ ಸಂಕೇತವನ್ನು ತಡೆದರೆ ನರಕೋಶಗಳು. ಕಾಂಡಕೋಶದ ಸಾಮರ್ಥ್ಯ ಎಂದರೆ ಇದೇ. ಆದರೆ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ಕೋಶಗಳು ಒಳಸರಿದು ಭ್ರೂಣದ ಮೂಲ ಪದರಗಳು ಮೂಡುವ ಗ್ಯಾಸ್ಟ್ರುಲಾ ಹಂತ ಮುಗಿಯುವಷ್ಟರಲ್ಲಿ ಬಹುತೇಕ ಕರಗಿಹೋಗಿರುತ್ತದೆ.

ಈ ತುಣುಕಿನಲ್ಲಿ ಎರಡು ಬಗೆಯ ಪದರಗಳಿವೆ. ಹೊರಗಿನದು ಒಂದೇ ಕೋಶದಷ್ಟು ದಪ್ಪದ, ಬಿಗಿಯಾಗಿ ಹೆಣೆದುಕೊಂಡ ಹೊದಿಕೆ. ಒಳಗಿನ ಕೋಶಗಳು ಸಡಿಲ. ಮುಂದೆ ಗೊದಮೊಟ್ಟೆಯ ಚರ್ಮದಲ್ಲಿ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು ಹೊರಪದರದಿಂದ ಬರುತ್ತವೆ. ಮೇಲ್ಮೈಯ ನೀರನ್ನು ಸದಾ ತಳ್ಳುವ ಸಿಲಿಯಾ ಎಂಬ ಸೂಕ್ಷ್ಮ ಎಳೆಗಳಿರುವ ಕೋಶಗಳೂ ಅಯಾನುಗಳನ್ನು ಸಾಗಿಸುವ ಕೋಶಗಳೂ ಒಳಪದರದಲ್ಲಿ ಹುಟ್ಟಿ, ಹೊರಗಿನವುಗಳ ಸಂದಿಯಲ್ಲಿ ತೂರಿ ಮೇಲೆ ಬರುತ್ತವೆ. ಸಹಜ ಭ್ರೂಣದಲ್ಲಿ ಒಳಪದರ ಗಾಬ್ಲೆಟ್ ಕೋಶಗಳನ್ನು ಕೊಡುವುದಿಲ್ಲ. ಹೊರಪದರವನ್ನೇ ಕಿತ್ತುಹಾಕಿದರೆ ಏನಾಗುತ್ತದೆ ಎಂಬುದು ನನ್ನನ್ನು ಹಿಡಿದ ಪ್ರಶ್ನೆ.

ಕೆಲಸ ಹೀಗೆ ಸಾಗುತ್ತದೆ. ಭ್ರೂಣದ ಸುತ್ತಲಿನ ಜೆಲ್ಲಿಯನ್ನು ಶೇಕಡಾ 2ರ ಸಿಸ್ಟೀನ್ ದ್ರಾವಣದಲ್ಲಿ ಕರಗಿಸುತ್ತೇನೆ. ಅದರೊಳಗಿನ ತೆಳು ಪೊರೆಯನ್ನು ಎರಡು ಚೂಪು ಚಿಮುಟಗಳಿಂದ ಹಿಡಿದು ಸೀಳುತ್ತೇನೆ. ಕತ್ತರಿಸಲು ಬಳಸುವುದು ಗಾಜಿನ ಕಡ್ಡಿಯ ತುದಿಗೆ ಅಂಟಿಸಿದ ಹುಬ್ಬಿನ ಕೂದಲು. ಕೋಶಗಳಿಗೆ ಅದರಷ್ಟು ನಯವಾದ ಚಾಕು ಲೋಹದಲ್ಲಿ ನನಗೆ ಸಿಕ್ಕಿಲ್ಲ. ತಟ್ಟೆಯ ತಳಕ್ಕೆ ಅಗರೋಸ್ ಹಚ್ಚಿರಬೇಕು, ಇಲ್ಲವಾದರೆ ಕೋಶಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹರಿಯುತ್ತವೆ. ತುಣುಕು ಚಿಕ್ಕದಾಗಿರಬೇಕು. ಅಂಚಿನಲ್ಲಿ ಸ್ನಾಯುವಾಗಲು ಆಗಲೇ ಸೂಚನೆ ಪಡೆದ ಕೋಶಗಳು ಇರುತ್ತವೆ, ಅವು ಜೊತೆಗೆ ಬಂದರೆ ಇಡೀ ಪ್ರಯೋಗಕ್ಕೆ ಅರ್ಥವಿರುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ದ್ರಾವಣದಲ್ಲಿ ತುಣುಕನ್ನು ಇಟ್ಟರೆ ಒಳಗಿನ ಕೋಶಗಳು ಬಿಡಿಬಿಡಿಯಾಗಿ ಉದುರುತ್ತವೆ. ಹೊರಪದರ ಮಾತ್ರ ಒಂದೇ ಹಾಳೆಯಾಗಿ ಉಳಿಯುತ್ತದೆ. ಹಾಳೆಯನ್ನು ತೆಗೆದುಹಾಕಿ, ಉದುರಿದ ಕೋಶಗಳನ್ನು ಮೆಲ್ಲಗೆ ಕೂಡಿಸಿದರೆ ಅವು ಅಂಟಿಕೊಂಡು ಉಂಡೆಯಾಗುತ್ತವೆ.

ಆಮೇಲೆ ಆಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೆರಗು ತೀರಿಲ್ಲ. ಇದನ್ನು ಅಳತೆ ಸಮೇತ ವಿವರಿಸಿದ್ದು ಪಿಟ್ಸ್‌ಬರ್ಗಿನ ಲಾನ್ಸ್ ಡೇವಿಡ್‌ಸನ್ ಅವರ ಗುಂಪು, 2020ರಲ್ಲಿ. ಉಂಡೆಯ ಮೇಲ್ಮೈಯಲ್ಲಿರುವ ಕೋಶಗಳು 5 ಗಂಟೆಯೊಳಗೆ ತಮ್ಮ ಮೇಲುಭಾಗ ಯಾವುದು, ಕೆಳಭಾಗ ಯಾವುದು ಎಂದು ಗೊತ್ತುಮಾಡಿಕೊಂಡು ಹೊದಿಕೆಯಾಗುತ್ತವೆ. 24 ಗಂಟೆಯೊಳಗೆ ಸಿಲಿಯಾ ಆಡುವ, ಲೋಳೆ ಸುರಿಸುವ ಚರ್ಮ ಸಿದ್ಧ. ಗಾಬ್ಲೆಟ್ ಕೋಶಗಳೂ ಅದರಲ್ಲಿರುತ್ತವೆ. ನಾವು ಯಾವ ಜೀನನ್ನೂ ತುರುಕಿಲ್ಲ, ಯಾವ ಪ್ರೋಟೀನನ್ನೂ ಕೊಟ್ಟಿಲ್ಲ. ಒಳಗಿದ್ದ ಕೋಶ ಹೊರಗೆ ಬಂದಿದೆ, ಅಷ್ಟೇ.

ಹಾಗಾದರೆ ಪುರಾವೆ? ಹೊರಪದರದ ಒಂದೆರಡು ಕೋಶಗಳು ಉಂಡೆಯಲ್ಲಿ ಸೇರಿರಬಹುದಲ್ಲ? ಅದಕ್ಕಾಗಿ ಕತ್ತರಿಸುವ ಮೊದಲೇ ಇಡೀ ಭ್ರೂಣದ ಮೇಲ್ಮೈಗೆ ಬಯೋಟಿನ್ ಗುರುತು ಹಾಕುತ್ತೇನೆ. ಹೊರಗಿನ ಕೋಶಗಳಿಗೆ ಮಾತ್ರ ಅದು ತಗಲುತ್ತದೆ. ಮರುದಿನ ಉಂಡೆಯ ಮೇಲಿನ ಗಾಬ್ಲೆಟ್ ಕೋಶದಲ್ಲಿ ಆ ಗುರುತು ಇಲ್ಲದಿದ್ದರೆ ಅದು ಒಳಗಿನದು. ಇದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೋಶ ವಿಭಜನೆಯಾದಂತೆ ಗುರುತು ಹಂಚಿಹೋಗಿ ಮಂಕಾಗುತ್ತದೆ. ಹಾಗಾಗಿ ಹಸಿರು ಪ್ರೋಟೀನಿನಿಂದ ಹೊಳೆಯುವ ಒಳಕೋಶಗಳ ಉಂಡೆಗೆ, ಕೆಂಪಾಗಿ ಹೊಳೆಯುವ ಕೆಲವೇ ಹೊರಕೋಶಗಳನ್ನು ಬೇಕೆಂದೇ ಬೆರೆಸಿ ನೋಡುತ್ತೇನೆ. ಕೆಂಪು ಕೋಶಗಳು ಚಿಕ್ಕ ತೇಪೆಗಳಾಗಿ ಉಳಿದವು. ಮಿಕ್ಕ ಮೇಲ್ಮೈಯನ್ನೆಲ್ಲ ಕಟ್ಟಿದ್ದು ಹಸಿರು ಕೋಶಗಳೇ.

ಈ ಶಿಸ್ತನ್ನು ನಾನು ಕಲಿತದ್ದು ಜಾನ್ ಗರ್ಡನ್ ಅವರ ಕೆಲಸದಿಂದ. ಆಕ್ಸ್‌ಫರ್ಡಿನಲ್ಲಿ ಅವರು ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ತೆಗೆದು, ತನ್ನ ಕೇಂದ್ರ ಕಳೆದುಕೊಂಡ ಮೊಟ್ಟೆಗೆ ಸೇರಿಸಿದರು. 1962ರ ವರದಿಯ ಪ್ರಕಾರ ನೂರಕ್ಕೆ ಒಂದೆರಡರಂತೆ ಅವು ಈಜಿ ಆಹಾರ ತಿನ್ನುವ ಗೊದಮೊಟ್ಟೆಗಳಾದವು. ಮೊಟ್ಟೆಯ ಸ್ವಂತ ಕೇಂದ್ರವೇ ಉಳಿದುಕೊಂಡಿರಬಹುದೆಂಬ ಸಂಶಯಕ್ಕೆ ಅವರ ಬಳಿ ಉತ್ತರವಿತ್ತು: ದಾನಿ ಕೋಶಗಳಲ್ಲಿ ಎರಡರ ಬದಲು ಒಂದೇ ನ್ಯೂಕ್ಲಿಯೋಲಸ್ (ಕೋಶಕೇಂದ್ರದೊಳಗೆ ಚುಕ್ಕೆಯಂತೆ ಕಾಣುವ ಭಾಗ) ಇರುವ ತಳಿಯನ್ನು ಬಳಸಿದ್ದರು. ಹುಟ್ಟಿದ ಗೊದಮೊಟ್ಟೆಯ ಕೋಶಗಳಲ್ಲಿ ಒಂದೇ ಕಂಡರೆ ಕೇಂದ್ರ ಕರುಳಿನದೇ. 2012ರ ನೊಬೆಲ್ ಅವರಿಗೂ, ಬಲಿತ ಕೋಶಗಳನ್ನು ಕಾಂಡಕೋಶದಂಥ ಸ್ಥಿತಿಗೆ ಮರಳಿಸಿದ ಶಿನ್ಯಾ ಯಮನಕ ಅವರಿಗೂ ಬಂತು. ನನಗೆ ಬಹುಮಾನಕ್ಕಿಂತ ಆ ಗುರುತೇ ದೊಡ್ಡದು.

ಗುರುತು ಹಾಕಿ ನೋಡಿದಾಗ ಉಲ್ಟಾ ಉತ್ತರ ಬರುವುದೂ ಉಂಟು. ಗೊದಮೊಟ್ಟೆಯ ಬಾಲ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಅಲ್ಲಿ ಕೋಶಗಳು ಕಾಂಡಕೋಶದಂಥ ಸ್ಥಿತಿಗೆ ಮರಳಿ ಬೇರೆ ಬೇರೆ ಅಂಗಾಂಶವಾಗುತ್ತವೆ ಎಂದುಕೊಳ್ಳುವುದು ಸಹಜ. 2004ರಲ್ಲಿ ಗಾರ್ಜಿಯೋಲಿ ಮತ್ತು ಸ್ಲ್ಯಾಕ್ ತೋರಿಸಿದ್ದು ಬೇರೆಯೇ: ಬೆನ್ನುಹುರಿಯಿಂದ ಬೆನ್ನುಹುರಿ, ನೋಟೊಕಾರ್ಡಿನಿಂದ (ಬೆನ್ನುಹುರಿಯ ಕೆಳಗಿನ ಆಧಾರದ ದಂಡ) ನೋಟೊಕಾರ್ಡ್, ಸ್ನಾಯುವಿನ ಪಕ್ಕ ಕಾದು ಕುಳಿತ ಸ್ಯಾಟಲೈಟ್ ಕೋಶಗಳಿಂದ ಸ್ನಾಯು. ಅಲ್ಲಿ ಬಗೆ ಬದಲಾಗಿಯೇ ಇರಲಿಲ್ಲ.

ನನ್ನ ಉಂಡೆಗಳಲ್ಲಿ ಬದಲಾವಣೆಗೆ ಕಾರಣ ಬಿಗುವು ಎಂದು ತೋರುತ್ತದೆ. ಹೊದಿಕೆ ಮೂಡುವ ಹೊತ್ತಿಗೇ ಉಂಡೆ ಥಟ್ಟನೆ ಗಡುಸಾಗುತ್ತದೆ, ಬಿಗುವನ್ನು ಗ್ರಹಿಸುತ್ತದೆ ಎನ್ನಲಾದ ವೈಎಪಿ1 ಎಂಬ ಪ್ರೋಟೀನು ಕೋಶಕೇಂದ್ರದೊಳಗೆ ಹೋಗುತ್ತದೆ. ಗಡುಸುತನವನ್ನು ಏರುಪೇರು ಮಾಡಿದರೆ ಚರ್ಮ ಮೂಡುವುದೂ ಏರುಪೇರಾಗುತ್ತದೆ ಎಂದು ಡೇವಿಡ್‌ಸನ್ ಅವರ ಗುಂಪೇ ತೋರಿಸಿದೆ.

ಇದನ್ನು ಕಾಂಡಕೋಶ ಸ್ಥಿತಿಗೆ ಮರಳಿದ್ದು ಎಂದು ಕರೆಯಲು ನಾನು ಒಪ್ಪುವುದಿಲ್ಲ. ಇಲ್ಲಿ ಸಿಕ್ಕಿದ್ದು ಒಂದು ಹೊಸ ಬಗೆ ಮಾತ್ರ. ಕ್ಯಾರಲ್ ಲಬಾನ್ ಅವರ ಗುಂಪು 2015ರಲ್ಲಿ ಝೆನೋಪಸ್‌ನ ನ್ಯೂರಲ್ ಕ್ರೆಸ್ಟ್ ಕೋಶಗಳ (ಬೆಳೆಯುತ್ತಿರುವ ನರಮಂಡಲದ ಅಂಚಿನಿಂದ ಹೊರಟು ದೇಹದಲ್ಲಿ ಹರಡುವ ಕೋಶಗಳು) ಬಗ್ಗೆ ಹೇಳಿದಾಗ, ಬ್ಲಾಸ್ಟುಲಾದ ಜೀನುಗಳು ಅವುಗಳಲ್ಲಿ ಇನ್ನೂ ನಡೆಯುತ್ತಿವೆ ಎಂದಷ್ಟಕ್ಕೆ ನಿಲ್ಲಿಸಲಿಲ್ಲ. ಆಕ್ಟಿವಿನ್ ಕೊಟ್ಟರೆ ಅವು ಕರುಳಿನ ಮೂಲದ ಅಂಗಾಂಶವೂ ಆಗಬಲ್ಲವು ಎಂದು ಮಾಡಿ ತೋರಿಸಿದರು. ನಾನೂ ಈಗ ಅದೇ ಪರೀಕ್ಷೆಯನ್ನು ಉಂಡೆಗಳಿಗೆ ಒಡ್ಡುತ್ತಿದ್ದೇನೆ: ಹೊದಿಕೆ ಮೂಡುವ ಮೊದಲು, ಮೂಡುವಾಗ, ಮೂಡಿದ ಮೇಲೆ, ಮೂರು ಹೊತ್ತಿನಲ್ಲೂ ಅದೇ ವಯಸ್ಸಿನ ಇಡೀ ಭ್ರೂಣದಿಂದ ತೆಗೆದ ತುಣುಕನ್ನು ಪಕ್ಕದಲ್ಲಿಟ್ಟುಕೊಂಡು, ಎರಡಕ್ಕೂ ಒಂದೇ ಪ್ರಮಾಣದ ಆಕ್ಟಿವಿನ್ ಕೊಟ್ಟು.