ನೀರಿಗೆ ಬಿದ್ದ ಡ್ರೋನ್: ಆನ್ ಮಾಡುವ ಆತುರ ಬೇಡ

ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಡ್ರೋನ್ ಕೊಂಡವರೆಲ್ಲ ಒಮ್ಮೆಯಾದರೂ ಮೇಲಿನಿಂದ ಸೆರೆಹಿಡಿಯಬೇಕೆಂದು ಆಸೆಪಡುವ ಜಾಗ. ಅಲ್ಲಿ ಏನಾದರೂ ಕೈಕೊಟ್ಟರೆ ಅದು ಬೀಳುವುದು ಬಹುಮಟ್ಟಿಗೆ ನೀರಿಗೇ. ಕೆರೆ, ಹಿನ್ನೀರು, ಅಳಿವೆ, ಹೊಲದ ಬಾವಿಗಳ ಮೇಲೆ ಹಾರಿಸುವವರ ಪಾಡೂ ಅಷ್ಟೆ.

ಹೀಗೆ ಬಿದ್ದದ್ದನ್ನು ಎಸೆದು ಹೊಸದು ತರೋಣವೆಂದರೆ ನಮ್ಮ ದೇಶದಲ್ಲಿ ಅದೂ ಸುಲಭವಲ್ಲ. 2022ರ ಫೆಬ್ರುವರಿಯಿಂದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧವಿದೆ. ಬಿಡಿಭಾಗಗಳನ್ನು ತರಿಸಲು ಅಡ್ಡಿಯಿಲ್ಲ. ಹಾಗಾಗಿ ಕೈಯಲ್ಲಿರುವುದನ್ನೇ ದುರಸ್ತಿ ಮಾಡಿಕೊಳ್ಳುವುದು ಇಲ್ಲಿ ಜಿಪುಣತನವಲ್ಲ, ಲೆಕ್ಕಾಚಾರ.

ಶುರುವಿಗೆ ಒಂದು ವಿಷಯ ತಿಳಿದಿರಲಿ. ಡ್ರೋನನ್ನು ಕೊಲ್ಲುವುದು ಬರೀ ನೀರಲ್ಲ. ಒದ್ದೆಯಾದ ಸರ್ಕ್ಯೂಟ್ ಬೋರ್ಡಿನಲ್ಲಿ ಹರಿಯುವ ವಿದ್ಯುತ್ತು. ಲೀಥಿಯಂ ಬ್ಯಾಟರಿಯ ಒಂದು ಸೆಲ್ ಪೂರ್ತಿ ಚಾರ್ಜ್ ಆದಾಗ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತದೆ, ಡ್ರೋನ್‌ಗಳಲ್ಲಿ ಇಂಥ ಎರಡು, ಮೂರು, ನಾಲ್ಕು ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ನೀರಿನಲ್ಲಿ ಕರಗಿದ ಲವಣದ ಮೂಲಕ ಈ ವಿದ್ಯುತ್ತು ಹರಿದಾಗ ಬೋರ್ಡಿನ ಮೇಲಿನ ತಾಮ್ರದ ಗೆರೆಗಳು ಕರಗತೊಡಗುತ್ತವೆ, ಕಿಲುಬು ಹಿಡಿಯುತ್ತದೆ. ಬ್ಯಾಟರಿ ಕಳಚಿದ ಬೋರ್ಡು ಸಿಹಿನೀರಿನಲ್ಲಿ ರಾತ್ರಿಯಿಡೀ ಇದ್ದರೂ ಬದುಕಿ ಬರಬಹುದು. ಬ್ಯಾಟರಿ ಇದ್ದ ಬೋರ್ಡು ಸಮುದ್ರದ ನೀರಿನಲ್ಲಿ ಕೆಲವೇ ನಿಮಿಷಕ್ಕೆ ಕೆಟ್ಟುಹೋಗಬಹುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಕೊಳಚೆ ಸೇರುವ ನಗರದ ಕೆರೆಗಳ ನೀರನ್ನೂ ಸಿಹಿನೀರೆಂದು ನಂಬಬೇಡಿ.

ಹುಡುಕುವುದು

ರಿಮೋಟಿನ 2.4 ಗಿಗಾಹರ್ಟ್ಸ್ ಸಂಕೇತ ನೀರಿನೊಳಗೆ ಹೋಗುವುದಿಲ್ಲ. ಮುಳುಗಿದ ಡ್ರೋನನ್ನು ಬೀಪ್ ಮಾಡಿಸಿ ಹುಡುಕುವ ಆಸೆ ಬಿಡಿ. ಆ್ಯಪ್‌ನಲ್ಲಿ ಕೊನೆಯದಾಗಿ ದಾಖಲಾದ ಸ್ಥಳದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಫೋನಿನಲ್ಲಿ ಉಳಿದಿರುವ ವಿಡಿಯೊದ ಕೊನೆಯ ಕ್ಷಣಗಳನ್ನು ನೋಡಿ: ಯಾವ ದಿಕ್ಕಿಗೆ ಮುಖ ಮಾಡಿತ್ತು, ಎಷ್ಟು ವೇಗದಲ್ಲಿತ್ತು, ಆಚೆ ದಡದಲ್ಲಿ ಯಾವ ಮರ ಕಾಣುತ್ತಿತ್ತು. ನಿಂತ ಜಾಗದಿಂದ ಕದಲುವ ಮೊದಲು ಬಿದ್ದ ಬಿಂದುವಿನ ನೇರಕ್ಕಿರುವ ಒಂದು ಗುರುತನ್ನು ಎದುರು ದಡದಲ್ಲಿ ಹಿಡಿದಿಟ್ಟುಕೊಳ್ಳಿ. ಇನ್ನೊಂದು ಕೋನದಿಂದಲೂ ಹಾಗೆಯೇ ಮಾಡಿದರೆ ಎರಡೂ ಗೆರೆಗಳು ಕೂಡುವಲ್ಲಿ ಹುಡುಕಿದರಾಯಿತು.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಇದಕ್ಕೂ ಒದಗುತ್ತದೆ, ಅದರ ಕೊಕ್ಕೆಗಳಿಗೆ ಡ್ರೋನಿನ ತೋಳುಗಳು ಚೆನ್ನಾಗಿ ಸಿಕ್ಕಿಕೊಳ್ಳುತ್ತವೆ. ಕೆರೆಯಲ್ಲಾದರೆ ಬೀಸುಬಲೆಯ ಮೀನುಗಾರರನ್ನು ಕೇಳಿ. ತಳದ ಹೂಳು ಎಷ್ಟು, ಜೊಂಡು ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ನೀವೇ ಧುಮುಕಬೇಡಿ. ಹಿನ್ನೀರುಗಳ ತಳದಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿರುತ್ತವೆ, ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆಗಳಿವೆ. ಅಣೆಕಟ್ಟೆ, ಅರಣ್ಯ ಪ್ರದೇಶದಲ್ಲಾದರೆ ಸಿಬ್ಬಂದಿಗೆ ಹೇಳದೆ ನೀರಿಗಿಳಿಯಬಾರದು. ಅಲ್ಲಿ ಅನುಮತಿಯಿಲ್ಲದೆ ಹಾರಿಸಿದ್ದೇ ತಪ್ಪು ಎಂಬ ಮಾತನ್ನೂ ಕೇಳಬೇಕಾದೀತು. ಅಪಘಾತವಾದರೆ 48 ಗಂಟೆಯೊಳಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ವರದಿ ಮಾಡಬೇಕೆಂದು 2021ರ ಡ್ರೋನ್ ನಿಯಮಗಳು ಹೇಳುತ್ತವೆ.

ಕೈಗೆ ಸಿಕ್ಕ ಕೂಡಲೇ

ಪವರ್ ಬಟನ್ ಒತ್ತಿ ‘ಇನ್ನೂ ಜೀವ ಇದೆಯಾ’ ಎಂದು ನೋಡುವ ಚಪಲ ಎಲ್ಲರಿಗೂ ಬರುತ್ತದೆ. ಉಳಿಯಬಹುದಾಗಿದ್ದ ಎಷ್ಟೋ ಡ್ರೋನ್‌ಗಳು ಆ ಒಂದು ಒತ್ತಿಗೇ ಹೋಗಿವೆ. ದೀಪ ಉರಿಯುತ್ತಿದ್ದರೂ ಸರಿ, ಆರಿದ್ದರೂ ಸರಿ, ಬ್ಯಾಟರಿಯನ್ನು ಹೊರಗೆಳೆಯಿರಿ. ದಡಕ್ಕೆ ಬಂದು ತೆಗೆದರಾಯಿತು ಎನ್ನದೆ ದೋಣಿಯಲ್ಲೇ ಆ ಕೆಲಸ ಮುಗಿಸಿ. ಬ್ಯಾಟರಿ ಬಿಸಿಯಾಗಿದ್ದರೆ, ಉಬ್ಬಿದ್ದರೆ ಅಥವಾ ಬುಸುಗುಟ್ಟುತ್ತಿದ್ದರೆ ಮಾತ್ರ ಬರಿಗೈಯಲ್ಲಿ ಮುಟ್ಟದೆ ದೂರ ಸರಿಯಿರಿ.

ಆ ಬ್ಯಾಟರಿಯ ಕಥೆ ಅಲ್ಲಿಗೆ ಮುಗಿಯಿತೆಂದೇ ತಿಳಿಯಿರಿ. ಒಣಗಿದ ಮೇಲೆ ಅದು ಚಾರ್ಜ್ ಆಗಲೂಬಹುದು, ಅದೇ ಅಪಾಯ. ‘ಸ್ಮಾರ್ಟ್’ ಬ್ಯಾಟರಿಯ ಹೊಟ್ಟೆಯಲ್ಲಿ ಸೆಲ್‌ಗಳನ್ನು ನಿಯಂತ್ರಿಸುವ ಪುಟ್ಟ ಬೋರ್ಡ್ ಇದೆ. ಡ್ರೋನ್ ಆಫ್ ಆಗಿದ್ದರೂ ಅದಕ್ಕೆ ಸದಾ ವಿದ್ಯುತ್ತು ಹರಿಯುತ್ತಿರುತ್ತದೆ, ಒಳಗೆ ಹಿಡಿದ ಕಿಲುಬು ದಿನಗಳ ನಂತರವೂ ಶಾರ್ಟ್ ಮಾಡಬಲ್ಲದು. ನೀರಿಗೆ ಬಿದ್ದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ ಎಂದು ತಯಾರಕರ ಕೈಪಿಡಿಗಳೂ ಹೇಳುತ್ತವೆ. ಅದನ್ನು ಮನೆಯಿಂದ ದೂರ, ಬಯಲಿನಲ್ಲಿ, ಒಣ ಮರಳು ತುಂಬಿದ ಕಬ್ಬಿಣದ ಬಾಣಲೆಯಲ್ಲೋ ಮಣ್ಣಿನ ಕುಂಡದಲ್ಲೋ ಇಟ್ಟು, ಆಮೇಲೆ ಇ–ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಕಸದ ಲಾರಿಗೆ ಹಾಕಿದರೆ ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಳ್ಳಬಹುದು.

ಮೆಮೊರಿ ಕಾರ್ಡನ್ನೂ ಆಗಲೇ ತೆಗೆದಿಡಿ. ಅದು ಡ್ರೋನಿಗಿಂತ ಗಟ್ಟಿ ಪಿಂಡ. ಶುದ್ಧ ನೀರಿನಲ್ಲಿ ತೊಳೆದು ಒಂದೆರಡು ದಿನ ಒಣಗಿಸಿದರೆ ಸಾಮಾನ್ಯವಾಗಿ ಎಲ್ಲ ವಿಡಿಯೊ ಸಿಗುತ್ತದೆ.

ನೀರಿಗೆ ಬಿದ್ದದ್ದಕ್ಕೆ ಮತ್ತೆ ನೀರು

ಸಮುದ್ರ, ಅಳಿವೆ ಅಥವಾ ಕೊಳಚೆ ನೀರಿನಿಂದ ತೆಗೆದ ಡ್ರೋನನ್ನು ನೇರವಾಗಿ ಒಣಗಲು ಬಿಡುವುದು ದೊಡ್ಡ ತಪ್ಪು. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವ ಹೀರಿಕೊಂಡು ತಿಂಗಳುಗಟ್ಟಲೆ ತಾಮ್ರವನ್ನು ತಿನ್ನುತ್ತಿರುತ್ತದೆ. ಆದ್ದರಿಂದ ಬ್ಯಾಟರಿ ತೆಗೆದ ಡ್ರೋನನ್ನು ಮೊದಲು ಧಾರಾಳ ಸಿಹಿನೀರಿನಲ್ಲಿ ತೊಳೆಯಬೇಕು. ಕಡಲತೀರದಲ್ಲೇ ಇದ್ದರೆ ಕುಡಿಯಲು ತಂದ ಬಾಟಲಿ ನೀರನ್ನೇ ಸುರಿಯಿರಿ. ಮನೆ ತಲುಪಲು ತಡವಾಗುವುದಾದರೆ ಒಣಗಲು ಬಿಡುವುದಕ್ಕಿಂತ ಸಿಹಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಯೇ ಒಯ್ಯುವುದು ಮೇಲು. ಕೇಳಿದವರು ನಕ್ಕಾರು, ನಗಲಿ.

ಕೊನೆಯ ತೊಳೆತ ಡಿಸ್ಟಿಲ್ಡ್ ವಾಟರ್‌ನಿಂದ ಆಗಲಿ. ಇನ್ವರ್ಟರ್ ಬ್ಯಾಟರಿಗೆ ಹಾಕಲು ಪೆಟ್ರೋಲ್ ಬಂಕ್, ಬ್ಯಾಟರಿ ಅಂಗಡಿಗಳಲ್ಲಿ ಸಿಗುವ ನೀರು ಅದೇ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನಿಲ್ಲಿಸಿದರೆ ಬಿಳಿ ಕಲೆ ಉಳಿಯುತ್ತದೆ. ಬಾಟಲಿಯ ಮೇಲಿನ ಚೀಟಿ ಓದಿ ಕೊಳ್ಳಿ, ಅದೇ ಕಪಾಟಿನಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಇರುತ್ತದೆ.

ಬಿಚ್ಚುವುದು, ಆಲ್ಕೊಹಾಲಿನಲ್ಲಿ ತೊಳೆಯುವುದು

ಅರ್ಧಕ್ಕರ್ಧ ಜನ ಹಿಂಜರಿಯುವುದು ಇಲ್ಲಿ. ಬಿಚ್ಚದೆ ಒಣಗಿಸಿದ ಡ್ರೋನ್ ಒಣಗಿದಂತೆ ಕಾಣುತ್ತದೆ ಅಷ್ಟೆ. ಚಿಪ್‌ಗಳ ಅಡಿಯಲ್ಲಿರುವ ಕೂದಲೆಳೆ ಸಂದಿನಲ್ಲಿ, ಅವುಗಳ ಮೇಲೆ ಮುಚ್ಚಿದ ತಗಡಿನ ಮುಚ್ಚಳದೊಳಗೆ ನೀರು ಹಾಗೇ ನಿಂತಿರುತ್ತದೆ. ಕೈ ನಡುಗುವುದಾದರೆ ಒಳ್ಳೆಯ ಮೊಬೈಲ್ ರಿಪೇರಿಯವರ ಬಳಿ ಒಯ್ಯಿರಿ. ನೀರಿಗೆ ಬಿದ್ದ ಫೋನ್ ಬಿಚ್ಚಿ ರೂಢಿಯಿರುವವರಿಗೆ ಈ ಕೆಲಸ ಹೊಸದಲ್ಲ.

ನೀವೇ ಮಾಡುವುದಾದರೆ ಸಣ್ಣ ಸ್ಟಾರ್ ಮತ್ತು ಟಾರ್ಕ್ಸ್ ಸ್ಕ್ರೂಡ್ರೈವರ್‌ಗಳು ಬೇಕು. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆಯಿರಿ. ತೆಗೆದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಕುಳಿಗಳಲ್ಲಿ ತೆಗೆದ ಸರದಿಯಲ್ಲೇ ಹಾಕುತ್ತ ಹೋಗಿ: ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಕೆಳಗಿನ ಬೋರ್ಡನ್ನೇ ಚುಚ್ಚಬಹುದು. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ನ ರಿಬ್ಬನ್ ಕೇಬಲ್‌ಗಳನ್ನು ಎಳೆಯಬೇಡಿ, ಕನೆಕ್ಟರಿನ ಅಗುಳಿ ಎತ್ತಿದರೆ ಅವು ತಾವಾಗಿ ಬರುತ್ತವೆ.

ಬಿಡಿಸಿದ ಬೋರ್ಡುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಯಬೇಕು. ಅಂಗಡಿಯಲ್ಲಿ ‘ಐಪಿಎ’ ಎಂದರೆ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಷ್ಟೇ ಅಲ್ಲ, ಮೊಬೈಲ್ ಬಿಡಿಭಾಗ ಮಾರುವ ಯಾವ ಊರಿನಲ್ಲೂ ಸಿಗುತ್ತದೆ. ಶೇ 99ರದ್ದೇ ಬೇಕು. ಔಷಧಿ ಅಂಗಡಿಯ ಶೇ 70ರ ದ್ರಾವಣದಲ್ಲಿ ಉಳಿದ ಪಾಲು ಬಹುತೇಕ ನೀರೇ. ಐಪಿಎ ನೀರಿನೊಂದಿಗೆ ಬೆರೆತು ಅದನ್ನು ಸಂದುಗಳಿಂದ ಹೊರಗೆ ತರುತ್ತದೆ, ಬೇಗ ಆರಿಹೋಗುತ್ತದೆ. ಮೆದು ಹಲ್ಲುಜ್ಜುವ ಬ್ರಷ್‌ನಿಂದ ಹಸಿರು, ಬಿಳಿ ಪುಡಿ ಕಂಡಲ್ಲೆಲ್ಲ ಮೆಲ್ಲಗೆ ಉಜ್ಜಿ, ಕನೆಕ್ಟರ್‌ಗಳ ಕಡೆ ಹೆಚ್ಚು ಗಮನವಿರಲಿ. ಕಿಟಕಿ ತೆರೆದಿರಲಿ, ಊದುಬತ್ತಿ, ಸೊಳ್ಳೆಬತ್ತಿ, ಒಲೆ ಹತ್ತಿರವಿರಬಾರದು. ಕೋಣೆಯ ಉಷ್ಣತೆಯಲ್ಲೇ ಐಪಿಎಯ ಆವಿಗೆ ಕಿಡಿ ತಗಲಿದರೆ ಭಗ್ಗೆನ್ನುತ್ತದೆ.

ಮೂರು ಕಡೆ ಕೈ ಬಿಗಿ ಹಿಡಿಯಿರಿ. ಕ್ಯಾಮೆರಾ ಲೆನ್ಸನ್ನು ಐಪಿಎಯಲ್ಲಿ ಅದ್ದಬೇಡಿ, ಗಾಜುಗಳ ನಡುವೆ ಸೇರಿದರೆ ಕಲೆ ಹೋಗುವುದಿಲ್ಲ. ಎತ್ತರ ಅಳೆಯುವ ಬ್ಯಾರೋಮೀಟರಿನ ತೂತಿಗೆ ಜೋರಾಗಿ ಗಾಳಿ ಊದಬೇಡಿ. ರಿಪೇರಿಯವರು ಬೋರ್ಡನ್ನು ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಹೊರಟರೆ ತಡೆಯಿರಿ: ಫೋನಿನ ಬೋರ್ಡಿಗೆ ನಡೆದದ್ದು ಇಲ್ಲಿ ನಡೆಯದೇ ಹೋಗಬಹುದು. ಡ್ರೋನಿನ ಸಮತೋಲನ ಕಾಯುವ ಜೈರೋ ಚಿಪ್ಪಿನೊಳಗೆ ಅತಿಸೂಕ್ಷ್ಮ ಕಂಪಿಸುವ ಭಾಗಗಳಿವೆ, ಆ ತೊಟ್ಟಿಯ ಅದುರಿಗೆ ಅವು ಕೆಡಬಹುದು.

ಮೋಟರುಗಳು ಈ ಪ್ರಸಂಗದ ಗಟ್ಟಿಗರು. ಬ್ರಷ್‌ಲೆಸ್ ಮೋಟರಿನ ತಂತಿಗೆ ನಿರೋಧಕ ಲೇಪವಿರುವುದರಿಂದ ನೀರು ಅವನ್ನು ಸುಲಭಕ್ಕೆ ಕೊಲ್ಲುವುದಿಲ್ಲ. ಮರಳು ಮತ್ತು ಬೇರಿಂಗಿನ ತುಕ್ಕು ಕೊಲ್ಲುತ್ತದೆ. ತೊಳೆದು ಒಣಗಿಸಿ, ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ಬೆರಳಿನಿಂದ ತಿರುಗಿಸಿ ನೋಡಿ. ಕರಕರ ಎಂದರೆ ಬೇರಿಂಗ್ ಅಥವಾ ಮೋಟರನ್ನೇ ಬದಲಿಸಬೇಕು.

ಅಕ್ಕಿ ಡಬ್ಬಿ ಬೇಡ

ಅಕ್ಕಿಯಲ್ಲಿ ಹೂತಿಡಿ ಎಂಬ ಸಲಹೆಗೆ ಸಾವೇ ಇಲ್ಲ. ಅಕ್ಕಿ ತೇವ ಹೀರುವುದು ಅತ್ಯಲ್ಪ. ಅದರ ಹುಡಿ ಮಾತ್ರ ಮೋಟರು, ಕನೆಕ್ಟರುಗಳೊಳಗೆ ಸೇರಿ ಒದ್ದೆಯಲ್ಲಿ ಗಂಜಿಯಾಗುತ್ತದೆ. ನೆನೆದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆ್ಯಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಹೇಳಿದೆ.

ಬಿಚ್ಚಿದ ಭಾಗಗಳನ್ನು ಫ್ಯಾನಿನ ಕೆಳಗೆ ಹರಡಿ ಎರಡು ಮೂರು ದಿನ ಬಿಡಿ. ಹೇರ್ ಡ್ರೈಯರ್‌ನ ಬಿಸಿಗಾಳಿ ಪ್ಲಾಸ್ಟಿಕ್ಕನ್ನು ಬಾಗಿಸುತ್ತದೆ, ನೀರನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನ್ ಸಾಕು. ಆದರೆ ಆಗುಂಬೆಯ ಜುಲೈ ತಿಂಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಬೋರ್ಡ್ ಹೇಗೆ ಒಣಗೀತು? ಅಲ್ಲಿಗೆ ಗಾಳಿಯಾಡದ ಡಬ್ಬಿ, ಅದರೊಳಗೆ ಕೈತುಂಬ ಸಿಲಿಕಾ ಜೆಲ್. ಬಣ್ಣ ಬದಲಿಸುವ ಜೆಲ್ ಕೊಂಡರೆ ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ.

ಮೊದಲ ಸಲ ಆನ್ ಮಾಡುವಾಗ

ಪ್ರೊಪೆಲ್ಲರ್‌ಗಳನ್ನು ಹಾಕದೆಯೇ ಪರೀಕ್ಷಿಸಬೇಕು. ಮೊದಲು ಬ್ಯಾಟರಿ ಕೂರುವ ಜಾಗದ ಧನ–ಋಣ ತುದಿಗಳ ನಡುವೆ ಮಲ್ಟಿಮೀಟರನ್ನು ಬೀಪ್ ಮಾಡುವ (ಕಂಟಿನ್ಯುಟಿ) ಸ್ಥಾನದಲ್ಲಿ ಇಟ್ಟು ನೋಡಿ. ಬಿಡದೆ ಬೀಪ್ ಎಂದರೆ ಒಳಗೆ ಶಾರ್ಟ್ ಇದೆ, ಮುಂದೆ ಹೋಗಬೇಡಿ. ಸ್ವತಃ ಜೋಡಿಸಿದ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾ ಕಂಡದ್ದನ್ನೇ ನೋಡುತ್ತ ಹಾರಿಸುವಂಥದ್ದು) ಆದರೆ ಬ್ಯಾಟರಿಯ ಧನ ತಂತಿಯ ನಡುವೆ ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬನ್ನು ಸರಣಿಯಲ್ಲಿ ಜೋಡಿಸುವ ಹಳೆಯ ಉಪಾಯವಿದೆ. ಇದು ಮೂರು, ನಾಲ್ಕು ಸೆಲ್‌ಗಳ ಬ್ಯಾಟರಿಗೆ ಸಾಕು. ಬಲ್ಬು ಮಿಣುಕಿ ಮಂಕಾದರೆ ಕ್ಷೇಮ, ಪೂರ್ತಿ ಬೆಳಗಿ ನಿಂತರೆ ಶಾರ್ಟ್. ಆಗ ಸುಟ್ಟದ್ದು ಏನೂ ಇಲ್ಲ, ತಂತಿ ಕಿತ್ತು ಮತ್ತೆ ಹುಡುಕಿದರಾಯಿತು.

ಎಲ್ಲ ಸರಿಯಿದ್ದರೆ ಹೊಸ ಬ್ಯಾಟರಿ ಹಾಕಿ ಆನ್ ಮಾಡಿ, ಸುಟ್ಟ ವಾಸನೆ ಬಂದೀತು, ಮೂಗು ಚುರುಕಾಗಿರಲಿ. ಆ್ಯಪ್‌ನಲ್ಲಿ ದಿಕ್ಸೂಚಿ ಮತ್ತು ಐಎಂಯುಗಳನ್ನು (ಚಲನೆ, ವಾಲುವಿಕೆ ಅಳೆಯುವ ಸಂವೇದಕಗಳು) ಮತ್ತೆ ಕ್ಯಾಲಿಬ್ರೇಟ್ ಮಾಡಿ. ಮೇಜಿನ ಮೇಲೆ ಸುಮ್ಮನೆ ಕೂತ ಡ್ರೋನಿನ ಎತ್ತರದ ಅಂಕಿ ಏರಿಳಿಯುತ್ತಿದ್ದರೆ ಬ್ಯಾರೋಮೀಟರಿನಲ್ಲಿ ಇನ್ನೂ ತೇವವಿದೆ ಎಂದರ್ಥ, ಒಣಗಲು ವಾಪಸ್ ಕಳಿಸಿ. ಬಳಿಕ ಹೊಸ ಪ್ರೊಪೆಲ್ಲರ್ ಹಾಕಿ, ಹುಲ್ಲಿನ ಮೈದಾನದಲ್ಲಿ ಸೊಂಟದೆತ್ತರಕ್ಕೆ ಕೆಲವು ನಿಮಿಷ ನಿಲ್ಲಿಸಿ, ಇಳಿಸಿ, ನಾಲ್ಕೂ ಮೋಟರುಗಳನ್ನು ಮುಟ್ಟಿ ನೋಡಿ. ಒಂದು ಮಾತ್ರ ವಿಪರೀತ ಬಿಸಿಯಾಗಿದ್ದರೆ ತೊಂದರೆ ಅಲ್ಲಿದೆ.

ಇಷ್ಟು ದಾಟಿದ ಡ್ರೋನ್ ಹಾರುತ್ತದೆ, ಆದರೆ ಮುಂಚಿನ ನಂಬಿಕೆಗೆ ಅರ್ಹವಲ್ಲ. ಕಿಲುಬು ನಿಧಾನದ ಕೆಲಸಗಾರ, ವಾರಗಳ ನಂತರವೂ ಒಂದು ಕನೆಕ್ಟರ್ ಕೈಕೊಡಬಹುದು. ಮದುವೆ, ಜಾತ್ರೆ, ರಥೋತ್ಸವ, ಜನರಿರುವ ಯಾವ ಕಡೆಯೂ ಅದನ್ನು ತಲೆಗಳ ಮೇಲೆ ಹಾರಿಸಬೇಡಿ.

ಮತ್ತೆ ಬೀಳದಂತೆ

ನೀರಿನ ಮೇಲೆ ತಗ್ಗಿನಲ್ಲಿ ಹಾರುವಾಗ ಡ್ರೋನಿನ ಹೊಟ್ಟೆಯ ಕ್ಯಾಮೆರಾ ಮೋಸ ಹೋಗುತ್ತದೆ. ನೆಲದ ಗುರುತುಗಳನ್ನು ನೋಡಿ ಒಂದೆಡೆ ನಿಲ್ಲುವುದು ಅದರ ಕ್ರಮ, ಅಲೆ ಸರಿದರೆ ತಾನೇ ಸರಿದೆನೆಂದು ಭಾವಿಸುತ್ತದೆ. ನಾಲ್ಕೈದು ಮೀಟರ್ ಹೆಚ್ಚೇ ಎತ್ತರದಲ್ಲಿಡಿ. ದೋಣಿಯಿಂದ ಹಾರಿಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ‘ಹೋಮ್ ಪಾಯಿಂಟ್’ ದಾಖಲಾಗುವುದು ಹಾರಿಸಿದ ಕ್ಷಣದಲ್ಲಿ ದೋಣಿ ಇದ್ದ ಜಾಗದಲ್ಲಿ. ದೋಣಿ ಮುಂದೆ ಹೋಗಿರುತ್ತದೆ, ಬ್ಯಾಟರಿ ಇಳಿದು ಮನೆಗೆ ಮರಳುವ ಡ್ರೋನ್ ಹಳೆಯ ಜಾಗಕ್ಕೇ ಬಂದು ವಿಧೇಯವಾಗಿ ನೀರಿನಲ್ಲಿ ಇಳಿಯುತ್ತದೆ. ಆಗಾಗ ಹೋಮ್ ಪಾಯಿಂಟ್ ಬದಲಿಸುತ್ತಿರಿ. ಎಫ್‌ಪಿವಿಯವರು ಬೋರ್ಡಿಗೆ ಸಿಲಿಕೋನ್ ಲೇಪ ಹಚ್ಚಿಕೊಳ್ಳಬಹುದು, ಬ್ಯಾರೋಮೀಟರ್, ಬಟನ್, ಯುಎಸ್‌ಬಿ ಕಿಂಡಿಗಳನ್ನು ಬಿಟ್ಟು.

ಏನು ಮಾಡಿದರೂ ಬೋರ್ಡ್ ಏಳದಿದ್ದರೆ ಡ್ರೋನನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ. ಮೋಟರು, ತೋಳು, ಗಿಂಬಲ್‌ನ ಚೌಕಟ್ಟು, ಮೇಲ್ಕವಚಗಳನ್ನು ಹುಡುಕುತ್ತಿರುವ ಇನ್ನೊಬ್ಬ ಹವ್ಯಾಸಿ ಎಲ್ಲಾದರೂ ಇದ್ದೇ ಇರುತ್ತಾನೆ. ಮಾರುವಾಗ ನೀರಿಗೆ ಬಿದ್ದದ್ದು ಎಂದು ಹೇಳಿಯೇ ಮಾರಿ. ಬ್ಯಾಟರಿಯನ್ನು ಮಾತ್ರ ಬಳಕೆಗೆಂದು ಯಾರಿಗೂ ಕೊಡಬೇಡಿ, ಬಿಟ್ಟಿಯಾಗಿ ಕೇಳಿದರೂ.